ಒಂದು ಬಟನ್ನಿನ ಉಳಿತಾಯ

ಜೂನ್ ೩, ಸೋಮವಾರ

ನಮ್ಮ ಆಸ್ಪತ್ರೆ ಸದ್ಯದಲ್ಲೇ ಉದ್ಧಾರವಾಗಲಿದೆ. ಹಾಗಂತ ಸುತ್ತೋಲೆ ಬಂದಿದೆ. ನಲ್ಲಿ ಸೋರಿದರೆ, ದೀಪ ಕೆಟ್ಟರೆ, ಲಿಫ್ಟ್ ನಡುದಾರಿಯಲ್ಲಿ ನಿಂತರೆ ಇನ್ನು ಮುಂದೆ ಯಾರೂ ನನಗೆ ಫೋನ್ ಮಾಡಿ ಕೂಗಾಡಬೇಕಿಲ್ಲ. ವಾರ್ಡಿನ ಗೋಡೆಗೆ ಹಾಕಿದ ಪರದೆಯ ಮೇಲೆ ಬೆರಳಾಡಿಸಿ ದೂರು ಬರೆದರೆ ಸಾಕು, ಅದು ಹಾರಿಹೋಗಿ ಪ್ಲಂಬರನ ಕಿಸೆಯಲ್ಲಿರುವ ಮೊಬೈಲಿಗೆ ಬೀಳುತ್ತದೆ. ಪ್ಲಂಬರ್ ಹಾರಿಬಂದು ನಲ್ಲಿಯ ಮುಂದೆ ಬೀಳುವುದು ಹೇಗೆ ಎಂಬುದನ್ನು ಮಾತ್ರ ಸುತ್ತೋಲೆಯಲ್ಲಿ ಬರೆದಿಲ್ಲ.

ದುರಸ್ತಿ ವಿಭಾಗದ ಮೇಲ್ವಿಚಾರಕಿಯಾಗಿ ಇಷ್ಟು ವರ್ಷ ನಾನು ಮಾಡಿದ ಕೆಲಸ ಎರಡೇ: ಬೈಸಿಕೊಳ್ಳುವುದು, ಬೈಯುವುದು. ವಾರ್ಡಿನವರು ಫೋನಿನಲ್ಲಿ ನನ್ನ ಜನ್ಮ ಜಾಲಾಡುತ್ತಿದ್ದರು. ನಾನು ಅದಕ್ಕೆ ಒಂದಿಷ್ಟು ಖಾರ ಸೇರಿಸಿ ಕೆಲಸಗಾರರಿಗೆ ದಾಟಿಸುತ್ತಿದ್ದೆ. ಸಂಜೆಯೊಳಗೆ ನಲ್ಲಿ ಸೋರುವುದು ನಿಲ್ಲುತ್ತಿತ್ತು. ಈ ಪದ್ಧತಿ ಅವೈಜ್ಞಾನಿಕವಂತೆ.

ಆಡಳಿತಾಧಿಕಾರಿ, ಅಂದರೆ ನಮ್ಮ ದೊಡ್ಡವರು, ಕರೆದು ಹೇಳಿದರು: "ನೀವೇ ನಮ್ಮ ಬದಲಾವಣೆಯ ರಾಯಭಾರಿ." ಎದೆಗೆ ಚುಚ್ಚಿಕೊಳ್ಳಲು ಒಂದು ನೀಲಿ ಬಿಲ್ಲೆಯನ್ನೂ ಕೊಟ್ಟರು. ಶಾಲೆಯ ಓಟದಲ್ಲಿ ಕೊನೆಗೆ ಬಂದವರಿಗೂ ಸಮಾಧಾನಕ್ಕೆ ಇಂಥದ್ದೇ ಒಂದು ಕೊಡುತ್ತಿದ್ದರು. ಇದನ್ನು ಬಾಯಿಬಿಟ್ಟು ಹೇಳಿದರೆ ಕೆಲಸಕ್ಕೆ ಕುತ್ತು, ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ಜೂನ್ ೭, ಶುಕ್ರವಾರ

ಸಿಸ್ಟಂ ಅಳವಡಿಸಲು ಬಂದಿರುವ ಸಲಹೆಗಾರನಿಗೆ ನಾನು 'ಸಿಂಪಲ್' ಎಂದು ಹೆಸರಿಟ್ಟಿದ್ದೇನೆ. ಏನು ಕೇಳಿದರೂ "ತುಂಬ ಸಿಂಪಲ್ ಮೇಡಂ" ಎನ್ನುತ್ತಾನೆ. ನಮ್ಮ ಆಸ್ಪತ್ರೆಯಲ್ಲಿ ಎಷ್ಟು ಮಹಡಿಗಳಿವೆ ಎಂಬುದು ಅವನಿಗೆ ಇನ್ನೂ ಗೊತ್ತಿಲ್ಲ. ಆದರೆ ಎಲ್ಲ ಮಹಡಿಗಳ ಸಮಸ್ಯೆಗೂ ಪರಿಹಾರ ಸಿದ್ಧವಾಗಿದೆ.

ಇವತ್ತು ಬಟನ್ನುಗಳ ಮೇಲಿನ ಇಂಗ್ಲಿಷ್ ತೆಗೆದು ನಮ್ಮ ಮಾತು ಹಾಕುವ ಕೆಲಸ. ಅವನೇ ಎರಡು ಪದ ಬರೆದುಕೊಂಡು ಬಂದಿದ್ದ.

"ದೂರು ಬಂದ ತಕ್ಷಣ ಕೆಲಸಗಾರ 'ಓಕೆ' ಅಂತ ಒತ್ಬೇಕು. ಅದಕ್ಕೆ 'ಸಮ್ಮತಿ ಸೂಚಿಸಲಾಗಿದೆ' ಅಂತ ಹಾಕೋಣ. ಕೆಲಸ ಮುಗಿದ ಮೇಲೆ 'ಡನ್' ಅಂತ ಒತ್ಬೇಕು. ಅದಕ್ಕೆ 'ಕಾರ್ಯ ಪರಿಸಮಾಪ್ತಿ'."

ನನಗೆ ನಗು ತಡೆಯಲಾಗಲಿಲ್ಲ. "ಇದನ್ನ ನೋಡಿದ್ರೆ ನಮ್ಮ ಪ್ಲಂಬರ್ ಪೈಪು ಬಿಸಾಕಿ ಓಡಿಹೋಗ್ತಾನೆ. ಮನುಷ್ಯರು ಆಡೋ ಮಾತು ಹಾಕಿ."

"ಏನು ಹಾಕೋಣ ಹೇಳಿ?"

"ಯಾರಾದ್ರೂ ಒಂದು ಕೆಲಸ ಹೇಳಿದ್ರೆ ನೀವು ಏನಂತೀರಿ? 'ಆಯ್ತು' ಅಂತೀರಿ. ಅದನ್ನೇ ಹಾಕಿ."

"ಮತ್ತೆ ಕೆಲಸ ಮುಗಿದ ಮೇಲೆ?"

"ಆಗಲೂ 'ಆಯ್ತು' ಅಂತಾನೇ ಅನ್ನೋದು."

ಅವನ ಮುಖ ಅರಳಿತು. "ಹಾಗಾದ್ರೆ ಎರಡು ಬಟನ್ ಯಾಕೆ ಮೇಡಂ? ಒಂದೇ ಸಾಕು! ತುಂಬ ಸಿಂಪಲ್!"

ಒಂದು ಬಟನ್ ಉಳಿಯಿತು. ಮಧ್ಯಾಹ್ನ ದೊಡ್ಡವರಿಗೆ ಫೋನ್ ಮಾಡಿ ನನ್ನನ್ನು ಬಾಯಿತುಂಬ ಹೊಗಳಿದನಂತೆ. ಬಟನ್ ಉಳಿಸುವುದೂ ಒಂದು ಸಾಧನೆ ಎಂದು ನನಗೆ ಇಷ್ಟು ದಿನ ತಿಳಿದಿರಲಿಲ್ಲ.

ಜೂನ್ ೧೭, ಸೋಮವಾರ

ಉದ್ಘಾಟನೆ. ದೊಡ್ಡವರು ಮೊದಲ ದೂರು ಬರೆದರು: 'ನನ್ನ ಕೋಣೆಯ ಫ್ಯಾನ್ ಸದ್ದು ಮಾಡುತ್ತಿದೆ.' ಪಕ್ಕದಲ್ಲೇ ನಿಂತಿದ್ದ ಎಲೆಕ್ಟ್ರಿಷಿಯನ್ನನ ಕಿಸೆ ಗುಂಯ್ ಎಂದಿತು. ಅವನು ತೆಗೆದು ನೋಡಿ 'ಆಯ್ತು' ಒತ್ತಿದ. ಪರದೆಯ ಮೇಲೆ ಕೆಂಪು ಚುಕ್ಕಿ ಹಸಿರಾಯಿತು. ಎಲ್ಲರೂ ಚಪ್ಪಾಳೆ ತಟ್ಟಿದರು. ತಲೆಯ ಮೇಲೆ ಫ್ಯಾನ್ ತನ್ನ ಪಾಡಿಗೆ ತಾನು ಕಿರುಗುಡುತ್ತಿತ್ತು, ಅದಕ್ಕೆ ಯಾರೂ ಉದ್ಘಾಟನೆಯ ವಿಷಯ ಹೇಳಿರಲಿಲ್ಲ.

ಮಧ್ಯಾಹ್ನ ನನ್ನ ಮೇಜಿನ ಮೇಲಿದ್ದ ಫೋನನ್ನು ತೆಗೆದುಕೊಂಡು ಹೋದರು. ವಯರು ಮಾತ್ರ ಗೋಡೆಯಿಂದ ನೇತಾಡುತ್ತಿದೆ. ಕೂಗಾಟವಿಲ್ಲದೆ ಕಿವಿಗೆ ಏನೋ ಕಳೆದುಹೋದಂತೆ ಆಗುತ್ತಿದೆ.

ಜೂನ್ ೨೮, ಶುಕ್ರವಾರ

ನಂಬಿದರೆ ನಂಬಿ, ಬಿಟ್ಟರೆ ಬಿಡಿ: ನಮ್ಮ ವಿಭಾಗ ಇಡೀ ಆಸ್ಪತ್ರೆಗೆ ಮೊದಲು. ಹೆಬ್ಬಾಗಿಲ ಬಳಿಯ ದೊಡ್ಡ ಪರದೆಯ ಮೇಲೆ ನನ್ನ ಫೋಟೊ ಹಾಕಿದ್ದಾರೆ. ಬಾಕಿ ದೂರು ಒಂದೂ ಇಲ್ಲ. ದೂರು ಬಂದ ಒಂದೆರಡು ನಿಮಿಷದಲ್ಲೇ ಎಲ್ಲವೂ ಮುಗಿಯುತ್ತಿದೆ. ನಮ್ಮವರಿಗೆ ಇಷ್ಟು ಚುರುಕು ಎಲ್ಲಿಂದ ಬಂತೋ ದೇವರೇ ಬಲ್ಲ. ಇಷ್ಟು ವರ್ಷ ನನ್ನ ಬೈಗುಳ ಮಾಡಲಾಗದ್ದನ್ನು ಒಂದು ಬಟನ್ ಮಾಡಿತಲ್ಲ ಎಂದು ಸ್ವಲ್ಪ ಅವಮಾನವೂ ಆಯಿತು.

ಫೋಟೊ ಚೆನ್ನಾಗಿಲ್ಲ. ಆದರೂ ಹೋಗುವಾಗ ಬರುವಾಗ ಒಮ್ಮೆ ನೋಡಿದೆ.

ಸಂಜೆ ಅಕ್ಕ ಮಹಡಿಯಿಂದ ಇಳಿದು ಬಂದಳು. ಅವಳದು ಮೇಲಿನ ಮನೆ, ನಮ್ಮದು ಕೆಳಗಿನದು. ಅವಳು ನಮ್ಮ ಆಸ್ಪತ್ರೆಯಲ್ಲೇ ಎಳೆಗೂಸುಗಳ ವಾರ್ಡಿನ ಮುಖ್ಯ ನರ್ಸ್. ತೂಕ ಕಡಿಮೆ ಇರುವ ಕೂಸುಗಳನ್ನು ಬೆಚ್ಚಗಿಡುವ ತೊಟ್ಟಿಲುಗಳಿವೆಯಲ್ಲ, ಕಿಟಕಿ ಪಕ್ಕದ ತೊಟ್ಟಿಲಿಗೆ ಕರೆಂಟ್ ಕೊಡುವ ಗೋಡೆಯ ಪ್ಲಗ್ಗಿನಲ್ಲಿ ಕಿಡಿ ಹಾರುತ್ತಿದೆಯಂತೆ.

"ದೂರು ಬರೆದು ಎಷ್ಟು ದಿನ ಆಯ್ತು ಕಣೇ, ಯಾರೂ ತಲೆ ಹಾಕಿಲ್ಲ."

ಮೊಬೈಲ್ ತೆಗೆದು ನೋಡಿದೆ. "ಹಸಿರಾಗಿದೆಯಲ್ಲ ಅಕ್ಕ. ರಿಪೇರಿ ಆಗಿದೆ."

"ಹಸಿರೋ ಹಳದಿಯೋ, ನನಗೆ ಗೊತ್ತಿಲ್ಲ. ಕಿಡಿ ಹಾರ್ತಿದೆ."

"ಹಾಗಾದ್ರೆ ಇನ್ನೊಂದು ದೂರು ಹಾಕು."

ಅವಳು ನನ್ನನ್ನೇ ಒಂದು ಗಳಿಗೆ ನೋಡಿ ಮೇಲೆ ಹೋದಳು. ಅಕ್ಕನಿಗೆ ಮೊದಲಿನಿಂದಲೂ ಹೊಸದು ಅಂದರೆ ಅಷ್ಟಕ್ಕಷ್ಟೆ.

ಜುಲೈ ೪, ಗುರುವಾರ

ಅಕ್ಕ ಮತ್ತೆ ದೂರು ಹಾಕಿದ್ದಳು, ಅದೂ ಹಸಿರು. ಮೂರನೆಯದು ಹಾಕಿದಳು, ಅದೂ ಹಸಿರು. ಮೆಟ್ಟಿಲಲ್ಲಿ ಎದುರಾದಾಗ ಮುಖ ಊದಿಸಿಕೊಂಡಿದ್ದಳು.

"ಒಂದ್ಸಲ ಬಂದು ನೋಡಬಾರ್ದಾ? ನಿನ್ನ ಕೋಣೆಯಿಂದ ಎರಡು ಮಹಡಿ ಹತ್ತಿದ್ರೆ ನಮ್ಮ ವಾರ್ಡು."

"ಹಾಗೆಲ್ಲ ನಾನೇ ಓಡಾಡೋ ಹಾಗಿದ್ರೆ ಸಿಸ್ಟಂ ಯಾಕೆ ಬೇಕಿತ್ತು?" ಎಂದೆ.

ಹೇಳಿದ ಮೇಲೆ ಈ ಮಾತನ್ನು ಎಲ್ಲೋ ಕೇಳಿದಂತೆ ಅನ್ನಿಸಿತು. ದೊಡ್ಡವರು ಮೊನ್ನೆ ಸಭೆಯಲ್ಲಿ ಹೇಳಿದ್ದು. ಒಳ್ಳೆಯ ಮಾತು ಯಾರು ಹೇಳಿದರೇನು.

ಜುಲೈ ೯, ಮಂಗಳವಾರ

ತಲೆ ಗಿರ್ರೆನ್ನುತ್ತಿದೆ.

ಶೌಚಾಲಯದ ದೀಪ ಕೆಟ್ಟಿತ್ತು. ನಾನೇ ದೂರು ಹಾಕಿದೆ. ಕೈ ತೊಳೆಯುವಷ್ಟರಲ್ಲಿ ಹಸಿರಾಯಿತು, ಕತ್ತಲು ಹಾಗೇ ಇತ್ತು. ಹೊರಗೆ ಬಂದು ನೋಡಿದರೆ ಎಲೆಕ್ಟ್ರಿಷಿಯನ್ ಕ್ಯಾಂಟೀನಿನ ಬೆಂಚಿನ ಮೇಲೆ ಕುಳಿತು ಚಹಾ ಕುಡಿಯುತ್ತಿದ್ದ.

"ಏನಪ್ಪಾ, ಆಯ್ತು ಅಂತ ಒತ್ತಿದ್ದೀಯಲ್ಲ?"

"ಹೌದು ಮೇಡಂ, ಆಯ್ತು, ಬರ್ತೀನಿ ಅಂತ ಒತ್ತಿದೆ."

"ಬರ್ತೀನಿ ಅಂತಾನಾ?"

"ಮತ್ತೆ? ನೀವು ಕೆಲಸ ಹೇಳಿದಾಗ ಆಯ್ತು ಅನ್ನದೆ ಸುಮ್ನಿದ್ರೆ ಮರ್ಯಾದೆ ಇರತ್ತಾ? ಒತ್ತಿದ ತಕ್ಷಣ ದೂರು ಮೊಬೈಲಿನಿಂದ ಮಾಯ ಆಗಿಬಿಡತ್ತೆ. ಆಮೇಲೆ ಯಾವ ವಾರ್ಡು, ಯಾವ ದೀಪ ಅಂತ ನೆನಪು ಇಟ್ಕೊಳ್ಳೋದೇ ಕಷ್ಟ. ಮೊದಲು ನೀವು ಬೈತಾ ಇದ್ರಿ, ನೆನಪಿರ್ತಿತ್ತು."

ಎಲ್ಲರೂ ಹೀಗೇ. ಪ್ಲಂಬರ್, ಬಡಗಿ, ಲಿಫ್ಟಿನವನು, ಎಲ್ಲರೂ ದೂರು ಬಂದ ಕೂಡಲೇ ವಿನಯದಿಂದ 'ಆಯ್ತು' ಎಂದಿದ್ದಾರೆ. ಸಿಸ್ಟಂ ವಿನಯದಿಂದ 'ಮುಗಿಯಿತು' ಎಂದು ಬರೆದುಕೊಂಡಿದೆ. ಆ ಪದ ಕೊಟ್ಟವಳು ನಾನು. ನಾಚಿಕೆಯಿಂದ ಕಿವಿ ಬಿಸಿಯಾಯಿತು. ನಾಳೆಯೇ ದೊಡ್ಡವರಿಗೆ ಹೇಳಿಬಿಡುತ್ತೇನೆ.

ಜುಲೈ ೧೦, ಬುಧವಾರ

ಹೇಳಿದೆ. ದೊಡ್ಡವರು ಕನ್ನಡಕ ತೆಗೆದು ಒರೆಸಿದರು.

"ಅಂಕಿಅಂಶ ಆಗಲೇ ಆಡಳಿತ ಮಂಡಳಿಗೆ ಹೋಗಿದೆಯಲ್ಲ. ಅವರು ತುಂಬ ಖುಷಿಯಾಗಿದ್ದಾರೆ."

"ಅದು ತಪ್ಪು ಅಂಕಿಅಂಶ ಸರ್."

"ಅಂಕಿಅಂಶ ತಪ್ಪಿಲ್ಲ. ಜನ ತಪ್ಪಾಗಿ ಒತ್ತಿದ್ದಾರೆ. ಜನರನ್ನ ಸರಿ ಮಾಡಿ." ಆಮೇಲೆ ಸ್ವಲ್ಪ ಮುಂದೆ ಬಾಗಿ, "ಉಪ ಆಡಳಿತಾಧಿಕಾರಿ ಅಂತ ಹೊಸ ಹುದ್ದೆ ಬರ್ತಿದೆ. ನಿಮ್ಮ ಹೆಸರು ಹೇಳಿದ್ದೀನಿ," ಎಂದರು.

ಅವರು ಹೇಳಿದ್ದರಲ್ಲೂ ಅರ್ಥವಿದೆ. ಬಟನ್ ತಾನೇ ತಾನಾಗಿ ಒತ್ತಿಕೊಳ್ಳುವುದಿಲ್ಲವಲ್ಲ.

ಜುಲೈ ೧೫, ಸೋಮವಾರ

ನನ್ನ ಸಹಿಯಲ್ಲಿ ಮೊದಲ ಸುತ್ತೋಲೆ ಹೊರಟಿತು: 'ಕೆಲಸ ಪೂರ್ಣಗೊಳ್ಳದೆ ಯಾವ ಸಿಬ್ಬಂದಿಯೂ ಬರವಣಿಗೆಯಲ್ಲಾಗಲಿ, ಬಟನ್ನಿನ ಮೂಲಕವಾಗಲಿ, ಬಾಯಿಮಾತಿನಲ್ಲಾಗಲಿ ಆಯ್ತು ಎನ್ನತಕ್ಕದ್ದಲ್ಲ.' ಎಷ್ಟು ಅಚ್ಚುಕಟ್ಟಾಗಿ ಬರೆದಿದ್ದೇನೆ ಎಂದು ಎರಡು ಸಲ ಓದಿಕೊಂಡೆ.

ಪರಿಣಾಮ ನೋಡಬೇಕು. ಪ್ಲಂಬರನಿಗೆ ಏನಾದರೂ ಹೇಳಿದರೆ ಬಾಯಿ ತೆರೆದು, ಮುಚ್ಚಿ, ತಲೆಯಾಡಿಸುತ್ತಾನೆ. ಕ್ಯಾಂಟೀನಿನಲ್ಲಿ ಒಬ್ಬ ಇನ್ನೊಬ್ಬನನ್ನು "ಊಟ ಪೂರ್ಣಗೊಂಡಿತಾ?" ಎಂದು ಕೇಳಿ ಇಡೀ ಬೆಂಚು ನಕ್ಕಿತು. ನನ್ನನ್ನು ಕಂಡು ಎಲ್ಲರೂ ಗಪ್‌ಚುಪ್. ನಗಲಿ. ಬಟನ್ ಮಾತ್ರ ಮೊದಲಿನ ಹಾಗೇ ಒತ್ತುತ್ತಿದ್ದಾರೆ, ಎಷ್ಟು ಹೇಳಿದರೂ ಅಷ್ಟೆ. ಈ ಜನರಿಗೆ ಶಿಸ್ತು ಕಲಿಸುವುದರೊಳಗೆ ನನ್ನ ಕೂದಲು ಬೆಳ್ಳಗಾಗುತ್ತದೆ.

ಮನೆಯಲ್ಲಿ ಗ್ಯಾಸ್ ಸಿಲಿಂಡರ್ ಬದಲಾಯಿಸಿ ಎಂದು ಮನೆಯವರಿಗೆ ಹೇಳಿದೆ. "ಆಯ್ತು," ಎಂದರು.

"ಬದಲಾಯಿಸಿದ್ರೋ, ಬದಲಾಯಿಸ್ತೀರೋ? ಸರಿಯಾಗಿ ಹೇಳಿ."

ಪೇಪರ್ ಕೆಳಗಿಟ್ಟು ನನ್ನನ್ನು ಮೇಲಿಂದ ಕೆಳಗೆ ನೋಡಿದರು. "ಆ ಬಿಲ್ಲೆ ಮನೇಲೂ ತೆಗೆಯಲ್ವಾ ನೀನು?"

ತೆಗೆಯುವುದು ಮರೆತಿತ್ತು, ಅಷ್ಟೆ. ಅದಕ್ಕೆ ಇಷ್ಟು ಚುಚ್ಚುವ ಅಗತ್ಯವಿರಲಿಲ್ಲ.

ಜುಲೈ ೨೨, ಸೋಮವಾರ

ಮಂಡಳಿಯವರು ಲೆಕ್ಕ ಹಾಕಿದ್ದಾರೆ: ಒಂದೊಂದು ಕೆಲಸ ಒಂದೆರಡು ನಿಮಿಷದಲ್ಲಿ ಮುಗಿಯುವುದಾದರೆ ಇಷ್ಟೊಂದು ಎಲೆಕ್ಟ್ರಿಷಿಯನ್‌ಗಳು, ಪ್ಲಂಬರ್‌ಗಳು ಯಾಕೆ? ಅರ್ಧ ಜನ ಸಾಕು. ಯಾರ್‍ಯಾರು ಹೋಗಬೇಕೆಂದು ನಾನು ಬರೆದುಕೊಡಬೇಕು.

ಬರೆದುಕೊಟ್ಟೆ. ಕ್ಯಾಂಟೀನಿನ ಬೆಂಚಿನ ಎಲೆಕ್ಟ್ರಿಷಿಯನ್ನನದು ಮೇಲಿನಿಂದ ಎರಡನೆಯ ಹೆಸರು. ಅವನಿಗೆ ನೆನಪಿನ ಶಕ್ತಿ ಕಡಿಮೆ, ಅವನೇ ಒಪ್ಪಿಕೊಂಡಿದ್ದಾನೆ. ನಾನು ಬರೆಯದಿದ್ದರೆ ಬೇರೆ ಯಾರೋ ಬರೆಯುತ್ತಿದ್ದರು. ಅವರಿಗೆ ಇವರ್‍ಯಾರ ಮುಖಪರಿಚಯವೂ ಇರುತ್ತಿರಲಿಲ್ಲ.

ಮನಸ್ಸಿಗೆ ಏನೂ ಅನ್ನಿಸಲಿಲ್ಲ ಎಂದೇನಲ್ಲ. ಆದರೆ ಕೆಲಸ ಎಂದರೆ ಕೆಲಸ.

ಜುಲೈ ೩೦, ಮಂಗಳವಾರ

ಎಳೆಗೂಸುಗಳ ವಾರ್ಡಿನಲ್ಲಿ ಕರೆಂಟ್ ಹೋಯಿತು. ಇಡೀ ವಾರ್ಡು. ಕಿಟಕಿ ಪಕ್ಕದ ಪ್ಲಗ್ಗು ಬಳಸಲು ಹೆದರಿ ಅಕ್ಕ ಎದುರು ಗೋಡೆಯಿಂದ ಉದ್ದದ ವಯರು ಎಳೆದು ಎರಡು ತೊಟ್ಟಿಲಿಗೆ ಕೊಟ್ಟಿದ್ದಳಂತೆ. ಭಾರ ತಾಳದೆ ಫ್ಯೂಸ್ ಹಾರಿತು. ಮತ್ತೆ ಕರೆಂಟ್ ಬರುವವರೆಗೆ ನರ್ಸುಗಳು ಒಂದೊಂದು ಕೂಸನ್ನು ಎದೆಗೆ ಒತ್ತಿಕೊಂಡು, ಮೇಲೆ ಕಂಬಳಿ ಹೊದ್ದು ಕುಳಿತಿದ್ದರಂತೆ. ಕೂಸುಗಳೆಲ್ಲ ಕ್ಷೇಮ.

ನಾನು ಆಗ ಸಿಂಪಲ್ ಜೊತೆ ಸಭೆಯಲ್ಲಿದ್ದೆ. ನನ್ನ ಪರದೆ ಪೂರ್ತಿ ಹಸಿರಾಗಿತ್ತು.

ಆಗಸ್ಟ್ ೫, ಸೋಮವಾರ

ವಿಚಾರಣೆ. ದೊಡ್ಡವರು ದಾಖಲೆ ಓದಿದರು: ಕಿಟಕಿ ಪಕ್ಕದ ಪ್ಲಗ್ಗು ಮೂರು ಬಾರಿ ದುರಸ್ತಿಯಾಗಿದೆ. ಸರಿಯಾಗಿದ್ದ ಪ್ಲಗ್ಗು ಬಿಟ್ಟು ನಿಯಮ ಮೀರಿ ವಯರು ಎಳೆದದ್ದು ಮುಖ್ಯ ನರ್ಸಿನ ತಪ್ಪು.

"ರಿಪೇರಿ ಆಗಿರಲಿಲ್ಲ ಸರ್. ಯಾರೂ ಬಂದಿರಲಿಲ್ಲ," ಎಂದಳು ಅಕ್ಕ.

ದೊಡ್ಡವರು ನನ್ನ ಕಡೆ ತಿರುಗಿದರು. "ನೀವು ಹೇಳಿ. ಆಗಿತ್ತೋ, ಇಲ್ಲವೋ?"

"ದಾಖಲೆಯ ಪ್ರಕಾರ ಆಗಿತ್ತು," ಎಂದೆ.

ಇದರಲ್ಲಿ ಒಂದಕ್ಷರವೂ ಸುಳ್ಳಿಲ್ಲ. ದಾಖಲೆಯಲ್ಲಿ ಹಾಗೇ ಇದೆ. ಬೇಕಾದವರು ನೋಡಿಕೊಳ್ಳಬಹುದು. ಅಕ್ಕನನ್ನು ಅಮಾನತು ಮಾಡಿದರು. ಅವಳು ನನ್ನ ಮುಂದೆಯೇ ನಡೆದುಹೋದಳು, ತಿರುಗಿ ನೋಡಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಆಗಸ್ಟ್ ೬, ಮಂಗಳವಾರ

ಉಪ ಆಡಳಿತಾಧಿಕಾರಿಗೆಂದು ಸಿದ್ಧಮಾಡಿದ ಹೊಸ ಕೋಣೆ ತೋರಿಸಿದರು. ಕಿಟಕಿಗೆ ಪರದೆ ಇದೆ. ಇನ್ನೇನೂ ಬರೆಯುವುದಿಲ್ಲ.

ಆಗಸ್ಟ್ ೮, ಗುರುವಾರ

ಸಂಜೆ ಬಾಗಿಲು ಬಡಿದ ಸದ್ದು. ಅಕ್ಕ. ಕಣ್ಣು ಕೆಂಪಗಾಗಿತ್ತು. ಒಳಗೆ ಬಾ ಎಂದೆ, ಬರಲಿಲ್ಲ. ಹೊಸ್ತಿಲಿನಾಚೆಯೇ ನಿಂತು ಹೇಳಿದಳು.

"ನನ್ನ ಮಾತು ಬಿಡು. ನಾನು ಜಗಳಕ್ಕೆ ಬಂದಿಲ್ಲ. ಆ ಪ್ಲಗ್ಗು ಇನ್ನೂ ಹಾಗೇ ಇದೆ."

"ಹಾಗೇನೂ ಇರಲ್ಲ, ವಿಚಾರಣೆ ಆದ ಮೇಲೆ..."

"ವಿಚಾರಣೇಲಿ ಅದು ಸರಿಯಾಗಿದೆ ಅಂತ ತೀರ್ಮಾನ ಆಯ್ತಲ್ಲ. ಇನ್ನು ಯಾರು ಅದನ್ನ ಮುಟ್ಟುತ್ತಾರೆ? ನನ್ನ ಉದ್ದದ ವಯರು ತೆಗೆದುಬಿಟ್ಟಿದ್ದಾರೆ. ನಾಳೆ ಬರೋ ಹೊಸ ನರ್ಸಿಗೆ ಏನೂ ಗೊತ್ತಿಲ್ಲ. ಅವಳು ತೊಟ್ಟಿಲಿನ ವಯರನ್ನ ಅದಕ್ಕೇ ಚುಚ್ಚುತ್ತಾಳೆ. ನಾನು ವಾರ್ಡಿಗೆ ಫೋನ್ ಮಾಡಿದೆ, ಅಮಾನತಾದವರ ಮಾತು ಕೇಳಬಾರದಂತೆ. ನಿನ್ನ ದಾಖಲೆ ನೀನೇ ಇಟ್ಕೋ. ಕೂಸು ಮಲಗಿರತ್ತೆ ಕಣೇ ಅದರಲ್ಲಿ."

ಮೆಟ್ಟಿಲು ಹತ್ತಿ ಹೋದಳು. ನಾನು ಬಾಗಿಲು ಹಾಕಲೂ ಇಲ್ಲ, ಅಲ್ಲೇ ನಿಂತಿದ್ದೆ. ಮನೆಯವರು ಏನಾಯಿತು ಎಂದು ಕೇಳಿದರು. ಹೇಳಲು ಹೋದರೆ ಅಳು ಬಂತು.

ಇಷ್ಟು ದಿನ ಬರೆದದ್ದನ್ನೆಲ್ಲ ಓದಿದೆ. ಯಾರೋ ಬೇರೆಯವರು ಬರೆದ ಹಾಗಿದೆ.

ಆಗಸ್ಟ್ ೯, ಶುಕ್ರವಾರ

ಬೆಳಗ್ಗೆ ಮೊದಲ ಕೆಲಸವಾಗಿ ಕ್ಯಾಂಟೀನಿಗೆ ಹೋಗಿ ಆ ಎಲೆಕ್ಟ್ರಿಷಿಯನ್ನನನ್ನು ಕರೆದೆ. ಅವನಿಗೆ ಈ ತಿಂಗಳೇ ಕೊನೆ. ಪಟ್ಟಿ ಯಾರು ಮಾಡಿದ್ದೆಂದು ಅವನಿಗೆ ಗೊತ್ತು. ಆದರೂ ಎದ್ದು ಬಂದ.

ಎಳೆಗೂಸುಗಳ ವಾರ್ಡಿಗೆ ನಾನು ಕಾಲಿಟ್ಟು ಎಷ್ಟು ಕಾಲವಾಗಿತ್ತೋ. ಕಿಟಕಿ ಪಕ್ಕದ ತೊಟ್ಟಿಲಿಗೆ ಹೊಸ ನರ್ಸ್ ಆಗಲೇ ಕರೆಂಟ್ ಕೊಟ್ಟಿದ್ದಳು. ಒಳಗೆ ಒಂದು ಕೂಸು, ನನ್ನ ಅಂಗೈಯಷ್ಟು ಮುಖ, ಬಾಯಿ ಚಪ್ಪರಿಸುತ್ತ ಮಲಗಿತ್ತು. ಹತ್ತಿರ ಹೋದರೆ ಪ್ಲಾಸ್ಟಿಕ್ ಸುಟ್ಟ ವಾಸನೆ. ಪ್ಲಗ್ಗಿನ ಮೇಲೆ ಕೈಯಿಟ್ಟೆ. ಸುಡುತ್ತಿತ್ತು, ಥಟ್ಟನೆ ಹಿಂದೆಳೆದುಕೊಂಡೆ.

"ಕೂಸನ್ನ ಎತ್ಕೊಳ್ಳಿ! ಮೊದಲು ಎತ್ಕೊಳ್ಳಿ!" ಎಂದು ಕಿರುಚಿದೆ. ಇಡೀ ವಾರ್ಡು ಬೆಚ್ಚಿಬಿತ್ತು. ಇಷ್ಟು ಜೋರಾಗಿ ಕೂಗದೆ ಎರಡು ತಿಂಗಳಾಗಿತ್ತು.

ಎಲೆಕ್ಟ್ರಿಷಿಯನ್ ಕರೆಂಟ್ ತೆಗೆದು, ಸ್ಕ್ರೂ ಬಿಚ್ಚಿ, ಪ್ಲಗ್ಗಿನ ಪೆಟ್ಟಿಗೆಯನ್ನು ಹೊರಗೆಳೆದ. ಒಳಗೆಲ್ಲ ಇದ್ದಿಲು. ಹೊಸದು ಹಾಕುವವರೆಗೂ ನಾನು ಅಲ್ಲೇ ನಿಂತಿದ್ದೆ. ತೊಟ್ಟಿಲಿನ ದೀಪ ಹತ್ತಿತು. ಆಮೇಲೂ ಸ್ವಲ್ಪ ಹೊತ್ತು ಗೋಡೆಯ ಮೇಲೆ ಕೈಯಿಟ್ಟು ನೋಡಿದೆ, ತಣ್ಣಗಿತ್ತು.

"ಬಟನ್ ಒತ್ಲಾ ಮೇಡಂ?" ಎಂದ ಅವನು.

"ಬೇಡಪ್ಪ. ಆ ಸುಟ್ಟದ್ದನ್ನ ಇಲ್ಲಿ ಕೊಡು."

ದೊಡ್ಡವರ ಕೋಣೆಯಲ್ಲಿ ಬೇರೆ ಆಸ್ಪತ್ರೆಯ ಅತಿಥಿಗಳಿದ್ದರು, ನಮ್ಮಲ್ಲಿ ಸಿಸ್ಟಂ ಹೇಗೆ ನಡೆಯುತ್ತಿದೆ ಎಂದು ನೋಡಲು ಬಂದವರು. ಸಿಂಪಲ್ ಗೋಡೆಯ ಮೇಲೆ ಹಸಿರು ಚುಕ್ಕಿಗಳನ್ನು ತೋರಿಸುತ್ತಿದ್ದ. ನಾನು ಕೈಯಲ್ಲಿದ್ದದ್ದನ್ನು ಗಾಜಿನ ಮೇಜಿನ ಮೇಲಿಟ್ಟೆ. ಮಸಿ ಉದುರಿತು.

"ಏನಿದು?" ಎಂದರು ದೊಡ್ಡವರು.

"ಮೂರು ಸಲ ರಿಪೇರಿ ಆಗಿರೋ ಪ್ಲಗ್ಗು ಸರ್."

ಎಲ್ಲವನ್ನೂ ಹೇಳಿದೆ. ಆ ಪದ ಕೊಟ್ಟದ್ದು ನಾನು ಎಂದು, ಜನ ಬರುತ್ತೇನೆ ಎಂದದ್ದನ್ನು ಸಿಸ್ಟಂ ಮುಗಿಯಿತು ಎಂದು ಬರೆದಿದೆ ಎಂದು. ಅರ್ಧ ಜನರನ್ನು ಮನೆಗೆ ಕಳಿಸಲು ಲೆಕ್ಕ ಹಾಕಿದ ಆ ಒಂದೆರಡು ನಿಮಿಷ ಕಿಸೆಯಿಂದ ಮೊಬೈಲ್ ತೆಗೆಯಲು ಹಿಡಿದ ಹೊತ್ತು ಎಂದು. ನನ್ನ ಅಕ್ಕ ಹೇಳಿದ್ದು ನಿಜ, ನಾನು ವಿಚಾರಣೆಯಲ್ಲಿ ಹೇಳಿದ್ದು ಮೋಸ ಎಂದು. ಮಾತು ತೊದಲಿತು, ಆದರೂ ಮುಗಿಸಿದೆ.

ದೊಡ್ಡವರು ಅತಿಥಿಗಳತ್ತ ನೋಡಿ ನಗಲು ಪ್ರಯತ್ನಿಸಿದರು. "ಆಯ್ತು, ಆಯ್ತು. ನೀವೀಗ ಹೋಗಿ."

"ಯಾವ ಆಯ್ತು ಸರ್?"

ಅತಿಥಿಗಳಲ್ಲಿ ಒಬ್ಬ ಹೆಂಗಸು ಕಿಸಕ್ಕನೆ ನಕ್ಕರು. ಮರುಗಳಿಗೆಯೇ ಅವರ ಮುಖ ಬದಲಾಯಿತು. ಸಿಂಪಲ್ ಕಡೆ ತಿರುಗಿ, "ನಮ್ಮಲ್ಲಿ ಹೋದ ವಾರ ಹಾಕಿದ್ರಲ್ಲ, ಅದರಲ್ಲೂ ಇದೇ ಬಟನ್ನಾ?" ಎಂದು ಕೇಳಿದರು. ಸಿಂಪಲ್ ಗೋಡೆಯ ಮೇಲಿನ ಹಸಿರು ಚುಕ್ಕಿಗಳನ್ನು ಆರಿಸಿದ. ಆಕೆ ಫೋನ್ ತೆಗೆದುಕೊಂಡು ಬಿರಬಿರನೆ ಹೊರಗೆ ಹೋದರು.

ಮಧ್ಯಾಹ್ನ ಕೆಲಸಗಾರರ ಪಟ್ಟಿಯನ್ನು ತಡೆಹಿಡಿದರು. ನನ್ನ ಹೊಸ ಕೋಣೆಯ ಬೀಗದ ಕೈ ವಾಪಸು ಕೇಳಿದರು, ಕೊಟ್ಟೆ. ಅಕ್ಕನ ಅಮಾನತಿನ ಬಗ್ಗೆ ಕೇಳಿದರೆ "ಪರಿಶೀಲಿಸುತ್ತೇವೆ" ಎಂದರು. ಸೋಮವಾರ ಬೆಳಗ್ಗೆ ಬಂದು ಬಾಗಿಲ ಮುಂದೆ ಕೂರುತ್ತೇನೆ ಎಂದು ಹೇಳಿ ಬಂದಿದ್ದೇನೆ.

ಮನೆಗೆ ಬಂದು ಚಪ್ಪಲಿ ಬಿಡದೆ ಮಹಡಿ ಹತ್ತಿದೆ. ಬಾಗಿಲು ಬಡಿದೆ. ಅಕ್ಕ ಅರ್ಧ ತೆಗೆದು, ಅಲ್ಲೇ ಅಡ್ಡ ನಿಂತಳು.

"ಪ್ಲಗ್ಗು?"

"ಹೊಸದು ಹಾಕಿಸಿದೆ. ನಾನೇ ಎದುರು ನಿಂತು ಹಾಕಿಸಿದೆ. ದೀಪ ಹತ್ತಿದ್ದು ನೋಡಿದೆ, ಗೋಡೆ ಮುಟ್ಟಿ ನೋಡಿದೆ."

"ಕೂಸು?"

"ಮಲಗಿದೆ."

ಅವಳು ನನ್ನ ಕೈ ನೋಡಿದಳು. ಮಸಿ ಇನ್ನೂ ಹೋಗಿರಲಿಲ್ಲ.

"ನನ್ನ ಕೆಲಸದ್ದು ಏನಾಯ್ತು?"

ಏನಾದರೂ ಸಮಾಧಾನದ ಮಾತು ಹೇಳಬೇಕೆಂದು ತುಂಬ ಆಸೆಯಾಯಿತು. ನಾಲಿಗೆಯ ತುದಿಗೆ ಬಂದದ್ದನ್ನು ನುಂಗಿಕೊಂಡೆ.

"ಆಗಿಲ್ಲ ಅಕ್ಕ. ಅದಿನ್ನೂ ಆಗಿಲ್ಲ."

ಅಕ್ಕ ಬಾಗಿಲನ್ನು ಪೂರ್ತಿ ತೆಗೆದಳು.